ಗೌರಮ್ಮ ಕೋಂ

ನಂಬರು ತಪ್ಪಾಗಿ ಒತ್ತಿ, ನನ್ನ ದುಡ್ಡು ಗುರುತಿಲ್ಲದ ಯಾರದೋ ಮನೆಯ ದೀಪ ಉರಿಸಬಹುದಿತ್ತು. ದುಡ್ಡು ಇಲ್ಲಿಂದ ಹೊರಟು ಅಲ್ಲಿಗೆ ತಲುಪದೆ ನಡುದಾರಿಯಲ್ಲೇ ಉಳಿದುಬಿಡಬಹುದಿತ್ತು. ಒಂದು ಸಲ ಒತ್ತಿದ್ದು ಎರಡು ಸಲ ಹೋಗಬಹುದಿತ್ತು. ಸರಿಯಾಗಿ ಅದೇ ಗಳಿಗೆಗೆ ಇಲ್ಲಿ ಕಡೂರಿನಲ್ಲಿ ಕರೆಂಟು ಹೋಗಿ, ಕರೆಂಟ್ ಬಿಲ್ಲು ಕಟ್ಟಲು ಕರೆಂಟೇ ಇಲ್ಲದ ಹಾಗೆ ಆಗಬಹುದಿತ್ತು. ಫೋನಿನ ಪರದೆಯ ಮೇಲೆ ಸುತ್ತುತ್ತದಲ್ಲ ಒಂದು ಉಂಗುರ, ಅದು ನಾನು ಮುದುಕಿಯಾಗುವವರೆಗೂ ಸುತ್ತುತ್ತಲೇ ಇರಬಹುದಿತ್ತು. "ಬಿಲ್ ಕಟ್ಟೋಕೆ ಇಷ್ಟು ಬೆವರೋರನ್ನ ನಾನು ನೋಡೇ ಇಲ್ಲಮ್ಮ" ಎಂದು ಮಗಳು ನಗುತ್ತಾಳೆ. ನಗಲಿ. ಏನೇನು ಕೆಡಬಹುದೆಂದು ಮೊದಲೇ ಯೋಚಿಸಿಟ್ಟರೆ ಯಾವುದೂ ಕೆಡುವುದಿಲ್ಲ ಎನ್ನುವುದು ನನ್ನ ನಂಬಿಕೆ. ನಮ್ಮ ಸಂಸಾರ ಇದುವರೆಗೆ ನೆಟ್ಟಗೆ ನಡೆದುಕೊಂಡು ಬಂದಿರುವುದೇ ನನ್ನ ಚಿಂತೆಯ ಬಲದಿಂದ ಎಂದು ಒಳಗೊಳಗೇ ಹೆಮ್ಮೆಯೂ ಇದೆ.

ಬಿಲ್ಲು ನನ್ನ ಮನೆಯದಲ್ಲ. ಅಜ್ಜಂಪುರದ ನಮ್ಮ ದೊಡ್ಡ ಮನೆ ಈಗಿಲ್ಲ. ಪಾಲಾದ ಮೇಲೆ ಅಣ್ಣಂದಿರು ಅದನ್ನು ಕೆಡವಿ, ಅದೇ ಜಾಗದಲ್ಲಿ ಗಿಳಿಹಸಿರು, ನೇರಳೆ ಬಣ್ಣದ ಮನೆಗಳನ್ನು ಕಟ್ಟಿಕೊಂಡಿದ್ದಾರೆ. ಹಿತ್ತಿಲಿನ ಬೋರ್‌ವೆಲ್ ಮಾತ್ರ ಎಲ್ಲರಿಗೂ ಸೇರಿದ್ದು. ಹಳೆ ಮನೆಯ ಮೀಟರು ಈಗ ಅದಕ್ಕೆ. ಬಿಲ್ಲು ಕಟ್ಟುವುದು ಸರದಿಯ ಮೇಲೆ. ಆ ನೀರಿನ ಋಣ ಹೆಣ್ಣುಮಕ್ಕಳಿಗೂ ಇದೆ ಎಂದು ಜಗಳವಾಡಿ ನಾನೂ ಒಂದು ಸರದಿ ಗಿಟ್ಟಿಸಿಕೊಂಡೆ. ಸರದಿ ಬಂದಾಗಲೆಲ್ಲ ಯಾಕಾದರೂ ಜಗಳವಾಡಿದೆನೋ ಅನ್ನಿಸುವುದು ಬೇರೆ ಮಾತು. ಮೊದಲೆಲ್ಲ ಅಜ್ಜಂಪುರಕ್ಕೆ ಹೋದಾಗ ಕೌಂಟರಿನಲ್ಲಿ ಕಟ್ಟಿ ರಸೀದಿಯ ಮೇಲಿನ ಮೊತ್ತವನ್ನಷ್ಟೇ ಎರಡೆರಡು ಸಲ ನೋಡಿಕೊಂಡು ಬರುತ್ತಿದ್ದೆ. ಫೋನಿನಲ್ಲಿ ಕಟ್ಟುವುದು ಇದೇ ಮೊದಲು. ಮೀಟರಿನ ನಂಬರಿಗಾಗಿ ದೊಡ್ಡಮ್ಮ ಬಿಟ್ಟುಹೋದ ಎಲೆಅಡಿಕೆ ಸಂಚಿ ಬಿಚ್ಚಿದೆ. ಅದರೊಳಗೆ ಒಂದು ಹಳೆಯ ಚೆಕ್‌ಬುಕ್ಕಿನ ರಟ್ಟಿದೆ, ನಂಬರು ಇರುವುದು ಅದರ ಬೆನ್ನಿನ ಮೇಲೆ. ಬಿಚ್ಚಿದ್ದೇ ತಡ, ಲವಂಗ, ಒಣಗಿದ ವೀಳ್ಯದೆಲೆ, ಎಂದೋ ಮಡಿಸಿಟ್ಟ ಕೊಬ್ಬರಿ ಚೂರು, ವಿಭೂತಿ ಎಲ್ಲ ಕಲೆತ ಆ ವಾಸನೆ ಮೂಗಿಗೆ ಬಡಿಯಿತು. ಬೇರೆಯವರಿಗೆ ಚೆಕ್ಕೆಂದರೆ ಕಾಗದ ಇರಬಹುದು. ನಮ್ಮ ಮನೆಯಲ್ಲಿ ಚೆಕ್ಕಿಗೆ ವಾಸನೆಯಿತ್ತು.

ಕೊಬ್ಬರಿ ವ್ಯಾಪಾರದ ನಮ್ಮ ದೊಡ್ಡಪ್ಪ ಕರೆಂಟ್ ಬಿಲ್ಲಿಗೂ ಚೆಕ್ಕು ಬರೆಯುತ್ತಿದ್ದ ಆಸಾಮಿ. "ನೋಟು ಯಾರ ಕೈಲಿದ್ರೂ ನೋಟೇ. ಚೆಕ್ ಆದ್ರೆ ನಮ್ಮ ಹೆಸರು ಓದ್ಬೇಕಲ್ಲ ಅವ್ರು" ಎನ್ನುತ್ತಿದ್ದರು. ಚೆಕ್ಕು ಬರೆಯುವ ದಿನ ಮನೆಯಲ್ಲಿ ಸಣ್ಣದೊಂದು ಹಬ್ಬ. ಸ್ನಾನ ಮಾಡಿ, ಹಣೆಗೆ ವಿಭೂತಿ ಧರಿಸಿ, ಪಡಸಾಲೆಯಲ್ಲಿ ಮಣೆ ಹಾಕಿಸಿಕೊಂಡು ಕೂರುತ್ತಿದ್ದರು. ಹಾಳೆ ಹಾರದಿರಲೆಂದು ಫ್ಯಾನು ಬಂದ್. ಮಕ್ಕಳಾದ ನಾವು ಸುತ್ತ ಕುಕ್ಕರುಗಾಲಿನಲ್ಲಿ ಕೂತು ಉಸಿರು ಬಿಗಿಹಿಡಿಯಬೇಕು. ಅವರು ಸಹಿಯ ಕೊನೆಯ ಗೆರೆಯನ್ನು ಸರ್ರನೆ ಎಳೆದ ಮೇಲೆಯೇ ಬಿಡಬೇಕು. ಆಮೇಲೆ ಒದ್ದೆ ಶಾಯಿಯ ಮೇಲೆ ಚಿಟಿಕೆ ವಿಭೂತಿ ಉದುರಿಸಿ, ಉಫ್ ಎಂದು ಊದಿ, ಚೆಕ್ಕನ್ನು ದೇವರ ಮುಂದೆ ಇಟ್ಟ ಮೇಲೆ ದೊಡ್ಡಮ್ಮನಿಂದ ಎಲ್ಲರಿಗೂ ಕಾಫಿ, ಹುರಿಗಡಲೆ. ಪೆನ್ನು ಕಕ್ಕಿದರೆ ಗತಿಯೇನು, ಹಲ್ಲಿ ಬಿದ್ದರೆ ಗತಿಯೇನು ಎಂದು ನಾನು ಆಗಲೇ ಚಿಂತೆ ಮಾಡುತ್ತಿದ್ದೆ. ಹುಟ್ಟುಗುಣ.

ನಾನು ಎಣಿಸದೇ ಇದ್ದದ್ದು ಒಂದು ಬೇಸಿಗೆಯಲ್ಲಿ ಆಯಿತು. ದೊಡ್ಡಪ್ಪನ ಬಲಗೈ ನಡುಗಲು ಶುರುವಾಯಿತು. ಸರ್ರನೆ ಹೋಗುತ್ತಿದ್ದ ಕೊನೆಯ ಗೆರೆ ಹಾವು ಹರಿದ ಹಾಗೆ ಹೋಯಿತು. ತರೀಕೆರೆಯ ಕರೆಂಟ್ ಕಚೇರಿಗೆ ಕಳಿಸಿದ್ದ ಚೆಕ್ಕು 'ಸಹಿ ತಾಳೆಯಾಗಿಲ್ಲ' ಎನ್ನುವ ಚೀಟಿ ಅಂಟಿಸಿಕೊಂಡು ವಾಪಸು ಬಂತು. "ನನ್ ಸಹಿಗೂ ನನಗೂ ತಾಳೆ ಆಗಲ್ವಂತೆ ಕಣೇ! ಏನನ್ಯಾಯ ಇದು?" ಎಂದು ದೊಡ್ಡಪ್ಪ ಕೂಗಾಡಿದರು. "ಹೋಗ್ಲಿ ಬಿಡ್ರೀ, ನಮ್ಮಿಬ್ರಿಗೇ ಇಷ್ಟು ವರ್ಷ ತಾಳೆ ಆಗಿಲ್ಲ" ಎಂದಳು ದೊಡ್ಡಮ್ಮ. ಅಷ್ಟರಲ್ಲಿ ಏಣಿ ಹೊತ್ತುಕೊಂಡು ಲೈನ್‌ಮನ್ ಬಂದೇಬಿಟ್ಟ. "ಫ್ಯೂಸ್ ಕೀಳಕ್ಕೆ ಬಂದಿದೀನಿ ಗೌರಮ್ಮನೋರೇ, ಬೇಜಾರು ಮಾಡ್ಕೋಬೇಡಿ" ಎಂದ. "ಕೀಳೀವಂತೆ ಕಣಪ್ಪ, ಮೊದ್ಲು ರೊಟ್ಟಿ ತಿನ್ನು" ಎಂದು ದೊಡ್ಡಮ್ಮ ಚಟ್ನಿಯ ಜೊತೆ ಬಿಸಿ ರೊಟ್ಟಿ ಹಾಕಿದಳು. ತಿಂದವನು ಏಣಿಯನ್ನು ಗೋಡೆಗೆ ಒರಗಿಸಿಯೇ ಮರೆತು, ನಗದು ಈಸಿಕೊಂಡು ಹೋದ. ಏಣಿ ನಮ್ಮ ಮನೆಯಲ್ಲಿ ವಾರವಿತ್ತು. ನಾವು ಮಾವಿನಕಾಯಿ ಕಿತ್ತೆವು.

ಖಾತೆಗೆ ದೊಡ್ಡಮ್ಮನ ಹೆಸರು ಸೇರಿಸಿ ಇನ್ನು ಮುಂದೆ ಅವಳೇ ಚೆಕ್ಕು ಬರೆಯಲಿ ಎಂದು ತೀರ್ಮಾನವಾಯಿತು. ಬ್ಯಾಂಕಿನ ಮ್ಯಾನೇಜರ್ ದೊಡ್ಡಪ್ಪನಿಗೆ ಎರಡು ಮಾತು ಹೇಳಿ ಕಳಿಸಿದರು. ಒಂದು, ಹೆಬ್ಬೆಟ್ಟಿನವರಿಗೆ ಚೆಕ್‌ಬುಕ್ ಕೊಡುವುದಿಲ್ಲ, ಸಹಿಯೇ ಆಗಬೇಕು. ಇನ್ನೊಂದು, ಬ್ಯಾಂಕಿನಲ್ಲಿ ಇನ್ನೂ ಒಬ್ಬ ಗೌರಮ್ಮ ಇರುವುದರಿಂದ ಜಮೀನಿನ ಪತ್ರದಲ್ಲಿರುವಂತೆ ಪೂರ್ತಿ ಹೆಸರು ಬರೆಯಬೇಕು: 'ಗೌರಮ್ಮ ಕೋಂ' ಎಂದು ಬರೆದು ಮುಂದೆ ಗಂಡನ ಹೆಸರು. ಇಂಥವರ ಹೆಂಡತಿ ಎನ್ನುವುದಕ್ಕೆ ಕೋಂ ಎನ್ನುವುದು ಕಚೇರಿಗಳ ಹಳೆಯ ಮಾತು.

ದೊಡ್ಡಮ್ಮ ದೇವನೂರಿನ ಶಾಲೆಯಲ್ಲಿ ಎರಡನೆಯ ಕ್ಲಾಸಿನಲ್ಲಿದ್ದಾಗ ತಮ್ಮ ಹುಟ್ಟಿದ್ದ. ತೊಟ್ಟಿಲು ತೂಗಲು ಮನೆಯಲ್ಲಿ ಉಳಿದವಳು ಮತ್ತೆ ಸ್ಲೇಟು ಹಿಡಿಯಲಿಲ್ಲ. ಜಮೀನಿನ ಪತ್ರಕ್ಕೆ ಒಂದು ಸಲ ಹೆಬ್ಬೆಟ್ಟು ಒತ್ತಿದ್ದಳಂತೆ. "ಆ ಮಸಿ ಎಷ್ಟು ತಿಕ್ಕಿದ್ರೂ ಹೋಗ್ಲಿಲ್ಲ ಕಣೇ. ಊಟಕ್ಕೆ ಬಡಿಸೋವಾಗ ಎಲ್ರೂ ಬೆರಳನ್ನೇ ನೋಡ್ತಿದಾರೆ ಅನ್ಸೋದು. ಸೆರಗಲ್ಲಿ ಮುಚ್ಕೊಂಡು ಓಡಾಡಿದೆ. ಇನ್ನೊಂದ್ಸಲ ಆ ಮಸಿ ಮುಟ್ಟಲ್ಲ ನಾನು" ಎಂದಳು. ಪೆನ್ನು ಹಿಡಿದರೆ ಅವಳ ಕೈ ಮರಗಟ್ಟುತ್ತಿತ್ತು. ರಂಗೋಲಿಪುಡಿ ಹಿಡಿದರೆ ಮಾತ್ರ ಅದೇ ಕೈ ನೀರಿನಂತೆ ಹರಿಯುತ್ತಿತ್ತು. ಹಾಗಾಗಿ ಬಾಗಿಲ ಮುಂದೆ ಸಗಣಿ ಸಾರಿಸಿದ ನೆಲದ ಮೇಲೆ, ತಾವರೆ ಅರಳುತ್ತಿದ್ದ ಜಾಗದಲ್ಲಿ ದಿನಾ ಬೆಳಿಗ್ಗೆ 'ಗೌರಮ್ಮ' ಅರಳತೊಡಗಿತು. ಒತ್ತಕ್ಷರ ಎಡವಿದರೆ ನಾವು ಮಕ್ಕಳು ಕಿರುಚುತ್ತಿದ್ದೆವು, ಅವಳು ಅಳಿಸಿ ಮತ್ತೆ ಎಳೆಯುತ್ತಿದ್ದಳು. ಕೋಳಿ ತುಳಿಯದಂತೆ ಕಾಯುವುದು ನನ್ನ ಪಾಲಿನ ಕೆಲಸ. ಎದುರುಮನೆ ನಂಜಮ್ಮ, "ಏನ್ ಗೌರಕ್ಕಾ, ಮನೆಗೆ ಬೋರ್ಡ್ ಬರೆಸ್ದಂಗಿದೆ!" ಎಂದರೆ, "ಹ್ಞೂಂ ಕಣೇ, ದಾರಿ ತಪ್ಪಿ ನಿಮ್ಮನೆಗೆ ಬಂದ್ಬಿಟ್ರೆ ಅಂತ" ಎನ್ನುತ್ತಿದ್ದಳು.

ಅಕ್ಷರ ಪಳಗಿತು. ಪಳಗದೇ ಹೋದದ್ದು ಕೋಂ ಆದಮೇಲಿನದು. ನಮ್ಮ ಕಡೆಯ ಹಳಬರು ಗಂಡನ ಹೆಸರು ಹೇಳುವವರಲ್ಲ. ದೊಡ್ಡಪ್ಪನಿಗೆ ಇದ್ದದ್ದೋ ಊರ ದೇವರ ಹೆಸರು. ಆ ಗುಡಿಯ ಮುಂದೆಯೂ "ಇವ್ರ ಹೆಸ್ರಿನ ದೇವ್ರೇ, ಕಾಪಾಡಪ್ಪ" ಎಂದು ಕೈಮುಗಿಯುತ್ತಿದ್ದವಳು ಅವಳು. "ಬರೆದ್ರೆ ಹೇಳಿದಂಗಲ್ಲ ದೊಡ್ಡಮ್ಮಾ" ಎಂದು ನಾವು ಪುಸಲಾಯಿಸಿದೆವು. "ಮನಸಲ್ಲಿ ಹೇಳ್ಕೊಳ್ದೆ ಬರಿಯಕ್ಕಾಗುತ್ತೇನೇ ಸುಮಾ?" ಎಂದು ಕೇಳಿದಳು. ದೊಡ್ಡಪ್ಪ ಪಡಸಾಲೆಯಿಂದಲೇ, "ಬರ್ಯೇ ಮಾರಾಯ್ತಿ, ಹೆಸರಿನ ಯಜಮಾನ ನಾನೇ ಹೇಳ್ತಿದೀನಲ್ಲ" ಎಂದರೆ, "ನೀವು ಸುಮ್ನೆ ಕೂತ್ಕೊಳ್ರೀ, ಓದೋ ಮಕ್ಳ ಮುಂದೆ!" ಎಂದು ಗದರುತ್ತಿದ್ದಳು.

ಬ್ಯಾಂಕಿಗೆ ನಾವೆಲ್ಲ ದಿಬ್ಬಣದಂತೆ ಹೋದೆವು. ದೊಡ್ಡಮ್ಮ ರೇಷ್ಮೆ ಸೀರೆ ಉಟ್ಟಿದ್ದಳು. ಬರೆಯದಿದ್ದರೆ ಇರಲೆಂದು ಮಸಿಯ ಡಬ್ಬಿ ಅಲ್ಲೇ ಮೇಜಿನ ಮೇಲೆ ಬಾಯಿ ತೆರೆದು ಕೂತಿತ್ತು. ಅವಳು ಅದರ ಕಡೆ ನೋಡದೆ, ಪೆನ್ನನ್ನು ರಂಗೋಲಿಪುಡಿಯಂತೆ ಹಿಡಿದು 'ಗೌರಮ್ಮ ಕೋಂ' ಎಂದು ಬರೆದಳು. ಕೊನೆಗೆ ರಂಗೋಲಿಯ ಒಂದು ಚುಕ್ಕಿ ಇಟ್ಟಳು. ಪೆನ್ನು ಕೆಳಗಿಟ್ಟಳು.

"ಮುಂದಕ್ಕೆ ಬರೀರಮ್ಮ. ಕೋಂ ಯಾರು?" ಎಂದರು ಮ್ಯಾನೇಜರ್.

ದೊಡ್ಡಮ್ಮ ಬೆಂಚಿನ ಕಡೆ ಗಲ್ಲ ಎತ್ತಿ ತೋರಿಸಿದಳು. "ಅಗಾ, ಕೂತಿದಾರಲ್ಲ!"

ಇಡೀ ಬ್ಯಾಂಕು ನಕ್ಕಿತು. ದೊಡ್ಡಪ್ಪ ಮಾತ್ರ ಎದ್ದು ನಿಂತು, "ಅವಳು ಅಷ್ಟೇ ಸಾರ್ ಬರಿಯೋದು. ಯಾವತ್ತು ಕೇಳಿದ್ರೂ ಅಷ್ಟೇ ಬರೀತಾಳೆ. ಪೂರ್ತಿ ಬರೆದ ನಂದು ದಿನಕ್ಕೊಂದು ತರ ಆಗಿದೆ" ಎಂದರು. ಮ್ಯಾನೇಜರ್ ಬೇರೆ ಹಾಳೆಯ ಮೇಲೆ ಮತ್ತೆ ಮತ್ತೆ ಬರೆಸಿ ನೋಡಿದರು. ಅದೇ ಗೌರಮ್ಮ, ಅದೇ ಕೋಂ, ಅದೇ ಜಾಗಕ್ಕೆ ಅದೇ ಚುಕ್ಕಿ. "ಸಹಿ ಇರೋದು ತಾಳೆ ಆಗಕ್ಕೆ, ಓದಕ್ಕಲ್ಲ. ಆಯ್ತು ಹೋಗಿ ತಾಯಿ" ಎಂದು ಮಸಿಯ ಡಬ್ಬಿಯ ಮುಚ್ಚಳ ಹಾಕಿದರು. ಚೆಕ್‌ಬುಕ್ಕು ಎಲೆಅಡಿಕೆ ಸಂಚಿ ಸೇರಿತು. ದಾರಿಯುದ್ದಕ್ಕೂ ಅವಳು ಅದನ್ನು ಮುಟ್ಟಿ ಮುಟ್ಟಿ ನೋಡಿಕೊಂಡಳು.

ಅಲ್ಲಿಂದಾಚೆ ಮಣೆಯ ಮೇಲೆ ಕೂತವಳು ಅವಳು, ಫ್ಯಾನು ಬಂದ್ ಮಾಡುತ್ತಿದ್ದವರು ದೊಡ್ಡಪ್ಪ. ವಿಭೂತಿ ಊದುವ ಕೆಲಸವನ್ನು ಮಾತ್ರ ಅವರು ಯಾರಿಗೂ ಬಿಟ್ಟುಕೊಡಲಿಲ್ಲ. ಅವರು ಹೋದ ಮೇಲೆ ಮೀಟರನ್ನು ಅವಳ ಹೆಸರಿಗೆ ಮಾಡಿಸುವಾಗ ಯಾರೋ, ಇನ್ನಾದರೂ ಪೂರ್ತಿ ಬರೆಯಬಹುದಲ್ಲ ಎಂದರು. "ತೋರ್ಸಕ್ಕೆ ಎದುರಿಗಿಲ್ಲ ಅಂತ ಹೆಸ್ರು ಬರೀಲಾ?" ಎಂದಳು. ಎಷ್ಟೋ ವರ್ಷಗಳಾದ ಮೇಲೆ, ಚೆಕ್ಕು ತೆಗೆದುಕೊಳ್ಳುವವರೇ ಇಲ್ಲವಾದಾಗ, ಅಣ್ಣ ಹೊಸ ಫೋನು ತಂದು, ಹೆಬ್ಬೆಟ್ಟು ಒತ್ತಿದರೆ ಬಿಲ್ಲು ಹೋಗುತ್ತದೆಂದು ತೋರಿಸಿದ. ದೊಡ್ಡಮ್ಮ ಕಣ್ಣಲ್ಲಿ ನೀರು ಬರುವ ಹಾಗೆ ನಕ್ಕಳು. "ಲೇ, ನಾನು ಅಷ್ಟು ಕಷ್ಟಪಟ್ಟು ಸಹಿ ಕಲ್ತೆ. ಈಗ ಓದಿದೋರೆಲ್ಲ ಹೆಬ್ಬೆಟ್ಟಾಗ್ಬಿಟ್ರಾ?" ಕೊನೆಯವರೆಗೂ ಅವಳು ಆ ಗಾಜಿಗೆ ಬೆರಳು ಮುಟ್ಟಿಸಲಿಲ್ಲ.

ರಟ್ಟಿನ ಮೇಲಿನ ನಂಬರನ್ನು ನೋಡಿ ನೋಡಿ ಒತ್ತಿದೆ. ಉಂಗುರ ಸುತ್ತಿತು, ನಿಂತಿತು. ಬಿಲ್ಲು ಯಾರ ಹೆಸರಿನಲ್ಲಿದೆಯೆಂದು ಪರದೆಯ ಮೇಲೆ ಇಂಗ್ಲಿಷ್ ಅಕ್ಷರಗಳಲ್ಲಿ ಮೂಡಿತು: ಗೌರಮ್ಮ ಕೋಂ. ಮುಂದೆ ಖಾಲಿ. ಕಚೇರಿಯಲ್ಲಿ ಯಾವ ಪುಣ್ಯಾತ್ಮನೋ ಅರ್ಜಿಯಲ್ಲಿ ಕಂಡ ಸಹಿಯನ್ನೇ ಹೆಸರೆಂದು ಏರಿಸಿಬಿಟ್ಟಿದ್ದ. ನಾನು ಗಟ್ಟಿಯಾಗಿ ನಕ್ಕೆ. ಮಗಳು ಇಣುಕಿ, "ಕೋಂ ಅಂದ್ರೆ ಏನಮ್ಮ? ಯಾರದು?" ಎಂದಳು. ನನಗೆ ಗೊತ್ತಿಲ್ಲದೆಯೇ ಗಲ್ಲ ಎತ್ತಿ ತೋರಿಸಿದೆ. ಅಲ್ಲಿ ಗೋಡೆಯಷ್ಟೇ ಇತ್ತು.

ನಂಬರು ತಪ್ಪಿರಲಿಲ್ಲ, ಕರೆಂಟು ಹೋಗಲಿಲ್ಲ, ದುಡ್ಡೂ ದಾರಿಯಲ್ಲಿ ಉಳಿಯಲಿಲ್ಲ. ಕೆಟ್ಟದ್ದು ಇಷ್ಟೇ: ನಗುತ್ತಾ ಕಣ್ಣೊರೆಸಿಕೊಂಡಿದ್ದ ಹೆಬ್ಬೆಟ್ಟು ಒದ್ದೆಯಾಗಿತ್ತು, ಮೊದಲ ಸಲಕ್ಕೆ ತಾಳೆಯಾಗಲಿಲ್ಲ.