ಹೆಪ್ಪುಗಟ್ಟದ ಮೀನನ್ನು ನೋಡಲು ನಾಗಸಂದ್ರಕ್ಕೆ

ಕೊಡಿಗೇಹಳ್ಳಿಯ ನಮ್ಮ ಮನೆಯಿಂದ ಬೆಳಿಗ್ಗೆ ಒಂಬತ್ತಕ್ಕೆ ಹೊರಟೆ. ಶಿವರಾತ್ರಿ ಮುಗಿದು ವಾರವಾಗಿತ್ತು. ಚಳಿ ಶಿವ ಶಿವ ಎಂದು ಹೋಗಿ, ಅಷ್ಟು ಹೊತ್ತಿಗೇ ಬಿಸಿಲು ಚುರುಗುಟ್ಟುತ್ತಿತ್ತು. ಅಂಥ ದಿನ ನಾನು ಚೀಲಕ್ಕೆ ಸ್ವೆಟರು, ಮಫ್ಲರು, ಉಣ್ಣೆಯ ಕಾಲುಚೀಲ ತುರುಕುವುದನ್ನು ಕಂಡು ನಮ್ಮ ಯಜಮಾನರು, "ಏನು, ಊಟಿಗಾ?" ಎಂದರು.

"ದಕ್ಷಿಣ ಧ್ರುವಕ್ಕೆ. ಸಾಯಂಕಾಲ ಬಂದ್ಬಿಡ್ತೀನಿ" ಎಂದೆ.

ಮಾತು ಪೂರಾ ಸುಳ್ಳೇನಲ್ಲ. ಪಿಯು ಕಾಲೇಜಿನಲ್ಲಿ ಮೂವತ್ತು ವರ್ಷ ಜೀವಶಾಸ್ತ್ರ ಹೇಳಿ ನಿವೃತ್ತಳಾದವಳು ನಾನು. ಹಿಂದಿನ ದಿನ ನನ್ನ ಹಳೆಯ ವಿದ್ಯಾರ್ಥಿನಿ ರತ್ನ ಫೋನ್ ಮಾಡಿದ್ದಳು. ಹೆಸರಘಟ್ಟದ ಕಡೆಯ ಹುಡುಗಿ. ಈಗ ನಾಗಸಂದ್ರದ ಹತ್ತಿರ ಒಂದು ಕೋಲ್ಡ್ ಸ್ಟೋರೇಜಿನಲ್ಲಿ ಬರುವ ಸರಕನ್ನು ಪರೀಕ್ಷಿಸಿ ಸಹಿ ಹಾಕುವ ಸೂಪರ್‌ವೈಸರ್. "ಮೇಡಂ, ನೀವು ಏಳ್ಕೊಟ್ಟಿದ್ರಲ್ಲ, ಆ ಹಲ್ಲಿನ ಮೀನು ಬಂದೈತೆ. ನಾಳೆ ನೀವು ಬರ್ಲೇಬೇಕು" ಎಂದಳು. ಯಾಕೆ ಬರಲೇಬೇಕು ಎಂದು ಕೇಳುವಷ್ಟು ತಾಳ್ಮೆ ನನಗಿರಲಿಲ್ಲ. ಮೂವತ್ತು ವರ್ಷ ಪಾಠ ಹೇಳಿದ ಮೀನನ್ನು ನಾನು ಒಮ್ಮೆಯೂ ಕಣ್ಣಾರೆ ಕಂಡಿರಲಿಲ್ಲ.

ಹೆಬ್ಬಾಳದ ಬಸ್ಸಿನಲ್ಲಿ ಗುಲಾಬಿ ಬಣ್ಣದ ಉಚಿತ ಟಿಕೆಟ್ ಸಿಕ್ಕಿತು, ಸೀಟು ಸಿಗಲಿಲ್ಲ. ಅಲ್ಲಿ ಬಸ್ಸು ಬದಲಿಸಿ ರಿಂಗ್ ರಸ್ತೆಯಲ್ಲಿ ಗೊರಗುಂಟೆಪಾಳ್ಯ ಮುಟ್ಟುವಷ್ಟರಲ್ಲಿ ಮುಕ್ಕಾಲು ಗಂಟೆ. ಕಿಟಕಿ ಪಕ್ಕ ಸಿಕ್ಕ ಜಾಗದಲ್ಲಿ ಕೂತು, ಬೆವರು ಒರೆಸಿಕೊಳ್ಳುತ್ತ ಆ ಮೀನಿನ ಪಾಠವನ್ನು ಮನಸ್ಸಿನಲ್ಲೇ ಒಪ್ಪಿಸಿಕೊಂಡೆ.

ಇಂಗ್ಲಿಷಿನಲ್ಲಿ ಅದನ್ನು ಟೂತ್‌ಫಿಶ್ ಎನ್ನುತ್ತಾರೆ. ತರಗತಿಯಲ್ಲಿ ನಾನು ಹಲ್ಲಿನ ಮೀನು ಎನ್ನುತ್ತಿದ್ದೆ. ದಕ್ಷಿಣ ಧ್ರುವದ ಸುತ್ತಲಿನ ಕಡಲಿನದು. ಅಲ್ಲಿಯ ನೀರು ಸೊನ್ನೆಗಿಂತ ಸುಮಾರು ಎರಡು ಡಿಗ್ರಿ ಕೆಳಗಿದ್ದರೂ ಉಪ್ಪಿನ ದೆಸೆಯಿಂದ ನೀರಾಗಿಯೇ ಉಳಿದಿರುತ್ತದೆ. ನಮ್ಮ ಬಂಗುಡೆಯನ್ನು ಅಲ್ಲಿ ಬಿಟ್ಟರೆ ರಕ್ತದಲ್ಲಿ ಮಂಜಿನ ಹರಳು ಹುಟ್ಟಿ, ಹಬ್ಬಿ, ಸತ್ತೇ ಹೋಗುತ್ತದೆ. ಹಲ್ಲಿನ ಮೀನಿನ ರಕ್ತದಲ್ಲಿ ಮಾತ್ರ ಒಂದು ಬಗೆಯ ಪ್ರೊಟೀನು ಇದೆ. ಅದು ಹರಳಿಗೆ ಅಂಟಿಕೊಂಡು ಬೆಳೆಯಲು ಬಿಡುವುದಿಲ್ಲ. ಜಾಮೂನಿನ ಪಾಕಕ್ಕೆ ಎರಡು ಹನಿ ನಿಂಬೆರಸ ಹಿಂಡಿದರೆ ಸಕ್ಕರೆ ಹರಳುಗಟ್ಟುವುದಿಲ್ಲವಲ್ಲ, ಹಾಗೆ ಎಂದರೆ ಹಿಂದಿನ ಬೆಂಚಿಗೂ ಅರ್ಥವಾಗುತ್ತಿತ್ತು. ಮೀನುಗಳಿಗೆ ಸಾಮಾನ್ಯವಾಗಿ ಇರುವ ಗಾಳಿಚೀಲ ಇದಕ್ಕಿಲ್ಲ. ಮಾಂಸದಲ್ಲಿ ತುಂಬಿದ ಕೊಬ್ಬೇ ಮುಳುಗದಂತೆ ಕಾಯುತ್ತದೆ. ತಿನ್ನುವವರಿಗೆ ರುಚಿ ಕೊಡುವುದೂ ಅದೇ ಕೊಬ್ಬು. ಬೆಳವಣಿಗೆ ಬಲು ನಿಧಾನ. ಆಳೆತ್ತರ ಬೆಳೆಯುವ ಈ ಪ್ರಾಣಿ ಮೊಟ್ಟೆ ಇಡುವ ಹೊತ್ತಿಗೆ ಹತ್ತು ವರ್ಷ ದಾಟಿರುತ್ತದೆ.

ಗೊರಗುಂಟೆಪಾಳ್ಯದಲ್ಲಿ ಎರಡು ತಟ್ಟೆ ಇಡ್ಲಿ ತಿಂದು ಮೆಟ್ರೊ ಹತ್ತಿದೆ. ನಾಗಸಂದ್ರದಲ್ಲಿ ಇಳಿದಾಗ ಆಟೋದವನು ಎಂಬತ್ತು ಕೇಳಿ ಅರವತ್ತಕ್ಕೆ ಒಪ್ಪಿದ. ಗೋದಾಮುಗಳ ಸಾಲಿನ ಕೊನೆಯಲ್ಲಿ, ಇಂಜಿನ್ ಆರಿಸದೆ ನಿಂತಿದ್ದ ಶೀತಲ ಲಾರಿಯ ಪಕ್ಕ ರತ್ನ ಕಾಯುತ್ತಿದ್ದಳು. ಜೊತೆಯಲ್ಲಿ ಅವಳ ಮ್ಯಾನೇಜರು. ಇಬ್ಬರ ಮುಖವೂ ಸರಿಯಿರಲಿಲ್ಲ.

"ನೋಡಿ ಮೇಡಂ, ಫ್ರೀಜರ್‌ಗೆ ಬಂದಿರೋ ಮೀನು ಫ್ರೀಜ್ ಆಗಿದೆ ಅಂತ ವಾಪಸ್ ಕಳಿಸ್ತೀನಿ ಅಂತಾರೆ ಈಯಮ್ಮ" ಎಂದರು ಮ್ಯಾನೇಜರು. "ನನ್ ಸರ್ವೀಸಲ್ಲೇ ಇಂಥದ್ದು ಕೇಳಿಲ್ಲ."

"ಬೇರೆ ಮೀನಾಗಿದ್ರೆ ನಾನ್ಯಾಕೆ ಬ್ಯಾಡ ಅಂತಿದ್ದೆ ಸಾರ್?" ರತ್ನ ಬಿಡಲಿಲ್ಲ. "ಡಬ್ಬದ ಮೇಲೆ ಹಲ್ಲಿನ ಮೀನು ಅಂತ ಬರ್ದವ್ರೆ. ಒಳಗೆ ಕಲ್ಲಿದ್ದಂಗೈತೆ. ಈ ಮೀನು ಎಂಥಾ ಚಳೀಗೂ ಗಟ್ಟಿ ಆಗೋದೇ ಇಲ್ಲ. ಓದ್ ತಿಂಗ್ಳು ಇಂಗೇ ದುಬಾರಿ ಲೇಬಲ್ ಅಂಟ್ಸಿ ಅಗ್ಗದ್ ಮೀನು ತುಂಬಿರ್ಲಿಲ್ವಾ? ಮೇಡಮ್ಮೇ ಏಳ್ಲಿ ಬೇಕಾದ್ರೆ."

"ಹೇಳಲಿ. ಇದು ಅಸಲಿ ಮೀನೇ ಆಗಿದ್ರೆ ನೀನು ಇವತ್ತೇ ಪ್ಯಾಕಿಂಗ್ ಟೇಬಲ್‌ಗೆ ವಾಪಸ್" ಎಂದರು ಅವರು.

ರತ್ನ ಎಂಟು ವರ್ಷ ಆ ಟೇಬಲ್ಲಿನ ಮುಂದೆ ನಿಂತು ಬಟಾಣಿ ಪ್ಯಾಕೆಟ್ಟು ಕಟ್ಟಿ, ಎರಡು ತಿಂಗಳ ಹಿಂದಷ್ಟೇ ಈ ಕೆಲಸಕ್ಕೆ ಏರಿದ್ದಳು. ಅವಳು ನಂಬಿ ನಿಂತಿದ್ದು ನನ್ನ ಪಾಠದ ಮೇಲೆ. ನಾನು ಹೇಳಿದ್ದು ಅರ್ಧ ಪಾಠ. ಆ ಪ್ರೊಟೀನು ಕಾಯುವುದು ಆ ಕಡಲಿನ ಚಳಿಯಿಂದ, ಅಂದರೆ ಸೊನ್ನೆಯಿಂದ ಎರಡು–ಮೂರು ಡಿಗ್ರಿ ಕೆಳಗಿನವರೆಗೆ. ಕೋಲ್ಡ್ ಸ್ಟೋರೇಜಿನ ಮೈನಸ್ ಹದಿನೆಂಟರಲ್ಲಿ ಹಲ್ಲಿನ ಮೀನೂ ಬಂಗುಡೆಯೂ ಒಂದೇ, ಎರಡೂ ಕಲ್ಲಾಗುತ್ತವೆ. ನನಗಿದು ಗೊತ್ತಿರಲಿಲ್ಲವೇ? ಚೆನ್ನಾಗಿ ಗೊತ್ತಿತ್ತು. "ಹೆಪ್ಪುಗಟ್ಟುವುದೇ ಇಲ್ಲ" ಎಂದಾಗ ಮಕ್ಕಳು ಬಾಯಿ ಬಿಟ್ಟುಕೊಂಡು ನೋಡುತ್ತಿದ್ದರು. ಡಿಗ್ರಿ ಲೆಕ್ಕ ಹೇಳಿದರೆ ಆ ಬಾಯಿಗಳು ಮುಚ್ಚಿಹೋಗುತ್ತವೆಂದು ನಾನು ಅಲ್ಲಿಗೇ ನಿಲ್ಲಿಸುತ್ತಿದ್ದೆ.

ಸ್ವೆಟರು ತೊಟ್ಟು ಶೀತಲ ಕೋಣೆಯ ಒಳಗೆ ಹೋದೆವು. ಉಸಿರು ಹೊಗೆಯಾಗಿ ಹೋಗುತ್ತಿತ್ತು. ರತ್ನ ಒಂದು ಡಬ್ಬ ಬಿಚ್ಚಿದಳು. ತಲೆ, ಬಾಲ, ಕರುಳು ತೆಗೆದ ಕಂದುಬೂದಿ ಬಣ್ಣದ ಮುಂಡ, ನನ್ನ ತೋಳಿನಷ್ಟು ಉದ್ದ. ಹೆಸರು ಕೊಟ್ಟ ಹಲ್ಲೂ ವಯಸ್ಸು ಹೇಳುವ ಕಿವಿಯ ಕಲ್ಲೂ ತಲೆಯ ಜೊತೆಗೇ ಹೋಗಿದ್ದವು. ಗುರುತಿಗೆ ಉಳಿದದ್ದು ಒಂದೇ: ಹೆಚ್ಚಿನ ಮೀನುಗಳ ಪಕ್ಕೆಯಲ್ಲಿ ತಲೆಯಿಂದ ಬಾಲದವರೆಗೆ ಒಂದು ಸಣ್ಣ ಗೆರೆ ಇರುತ್ತದೆ, ಈ ಮೀನಿಗೆ ಎರಡು. ಮೇಲಿನದು ಬೆನ್ನಿನ ಹತ್ತಿರ, ಕೆಳಗಿನದು ನಡು ಮೈಯಿಂದ ಹಿಂದಕ್ಕೆ. ಈ ಮೀನನ್ನು ನೋಡಬೇಕೆಂದು ಮೂವತ್ತು ವರ್ಷ ಆಸೆಪಟ್ಟವಳು, ಇದು ಆ ಮೀನಾಗದಿರಲಿ ಎಂದು ಬೇಡಿಕೊಳ್ಳುತ್ತ ಮೇಲಿನ ಹಿಮ ಒರೆಸಿ ಬೆರಳಾಡಿಸಿದೆ.

ಮೊದಲನೆಯ ಗೆರೆ ಸಿಕ್ಕಿತು. ನಾಲ್ಕು ಬೆರಳು ಕೆಳಗೆ ಎರಡನೆಯದೂ ಸಿಕ್ಕಿತು.

"ಅಸಲಿ ಮೀನೇ. ಇವಳು ಮಾಡಿದ್ದು ತಪ್ಪಲ್ಲ, ನಾನು ಕಲಿಸಿದ್ದು ತಪ್ಪು" ಎಂದೆ. ಬಿಟ್ಟ ಅರ್ಧವನ್ನು ಆ ಚಳಿಯಲ್ಲಿ ಹಲ್ಲು ಕಟಕಟ ಎನ್ನುತ್ತಿರುವಾಗಲೇ ಪೂರ್ತಿ ಹೇಳಿದೆ. ಇಷ್ಟು ಸಣ್ಣ ತರಗತಿಗೆ ನಾನು ಎಂದೂ ಪಾಠ ಮಾಡಿರಲಿಲ್ಲ, ಇಷ್ಟು ನಾಚಿಕೆಯನ್ನೂ ಎಂದೂ ಪಟ್ಟಿರಲಿಲ್ಲ. ರತ್ನ ನನ್ನ ಮುಖ ನೋಡಲಿಲ್ಲ. ಡಬ್ಬಕ್ಕೆ ಮತ್ತೆ ಟೇಪು ಅಂಟಿಸುತ್ತ ನಿಂತಳು.

ಮ್ಯಾನೇಜರು ಅವಳ ಕೈಗೆ ರಿಜಿಸ್ಟರ್ ಕೊಟ್ಟರು. "ಸೈನ್ ಮಾಡಮ್ಮ. ಲೇಬಲ್ ನಂಬ್ದೆ ಡಬ್ಬ ಬಿಚ್ಚಿ ನೋಡೋರು ಇಲ್ಲಿ ನೀನೊಬ್ಳೇ. ಇನ್ನೊಂದ್ ತಿಂಗ್ಳು ನನ್ ಕಣ್ಮುಂದೆ ಕೆಲಸ ಮಾಡು, ಆಮೇಲೆ ನೋಡೋಣ" ಎಂದು ಹೊರಟರು.

ಹೊರಗೆ ಬೇವಿನ ಮರದ ನೆರಳಲ್ಲಿ ರತ್ನ ತನ್ನ ಡಬ್ಬಿಯ ಮುದ್ದೆಯನ್ನು ಎರಡು ಭಾಗ ಮಾಡಿ, ಹುರುಳಿ ಸಾರು ಬಿಟ್ಟು ನನ್ನ ಮುಂದಿಟ್ಟಳು. ಅವಳಿಗೆ ಕೋಪವಿತ್ತು, ಇರಬೇಕಾದದ್ದೇ. ಗೇಟಿನವರೆಗೂ ಬಂದಳು, ಆಟೋ ನಿಂತ ಮೇಲೆ ಬಾಯಿ ತೆರೆದಳು.

"ಮೇಡಂ, ಮಂಜಿನ ಅರಳು ಬೆಳೆಯಾಕ್ ಬಿಡಲ್ಲ ಅಂದ್ರಿ. ಸರಿ. ಆದ್ರೆ ಅಲ್ಲಿ ಯಾವಾಗ್ಲೂ ಚಳೀನೇ ಅಲ್ವಾ? ಒಂದ್ಸಲ ಮೈಯೊಳಗೆ ಓದ ಅರಳು ಕರಗೋದಾದ್ರೂ ಯಾವಾಗ? ಸಾಯೋಗಂಟ ಒಟ್ಟೇಲೇ ಇಟ್ಕೊಂಡಿರ್ತದಾ?"

ಮೂವತ್ತು ವರ್ಷದಲ್ಲಿ ಯಾರೂ ಇದನ್ನು ಕೇಳಿರಲಿಲ್ಲ. ನಾನಾದರೂ ಕೇಳಿಕೊಂಡಿರಲಿಲ್ಲ. ಏನಾದರೊಂದು ಹೇಳಿ ಸಾಗಹಾಕಲು ನಾಲಿಗೆ ಎದ್ದದ್ದು ನಿಜ.

"ಗೊತ್ತಿಲ್ಲ ಕಣಮ್ಮ" ಎಂದೆ. "ಓದಿ ಹೇಳ್ತೀನಿ."

ಡಬ್ಬ ಮುಚ್ಚಿದ ಮೇಲೆ ರತ್ನ ಮೊದಲ ಸಲ ನನ್ನ ಮುಖ ನೋಡಿದಳು. ಜಾಕೆಟ್ಟಿನ ಜಿಪ್ಪನ್ನು ಕುತ್ತಿಗೆಯವರೆಗೆ ಎಳೆದುಕೊಂಡು, "ಏಳಿ ಮೇಡಂ. ಆದ್ರೆ ಈ ಸಲ ಪೂರ್ತಿ ಏಳಿ" ಎಂದು ಒಳಗೆ ಹೋದಳು.