ಫೋನಿಗೆ ಕೈ ಎತ್ತಿದವರು

ಕಮಲಾಪುರದ ದೌಲಪ್ಪ ಕೆಂಪು ಬಾಳೆ ಬೆಳೆಯುತ್ತಿದ್ದರು. ಬೆಳೆಗಾರರ ಸಂಘ ಊರಿನ ಗೋದಾಮನ್ನು ಕಲಬುರಗಿ ಹತ್ತಿರದ ಕಪನೂರಿಗೆ ಒಯ್ಯಲು ಹೊರಟಾಗ, ವಾರ್ಷಿಕ ಸಭೆಯಲ್ಲಿ ಅದನ್ನು ತಡೆಯಲು ಸದಸ್ಯರನ್ನೆಲ್ಲ ಒಗ್ಗೂಡಿಸಿದರು. 2003ರ ಆ ಸಭೆಗೆ ಅಧ್ಯಕ್ಷ ಅಣವೀರಪ್ಪ ಬರಲಿಲ್ಲ. ಕಲಬುರಗಿಯಿಂದಲೇ ಸ್ಪೀಕರ್ ಫೋನಿನಲ್ಲಿ ನಡೆಸಿದರು.

“ವಿರೋಧ ಇದ್ದವರು ಯಾರ್ ಅದೀರಿ?” ಎಂದು ಕೇಳಿದರು.

ಮಾತಾಡದೆ ಕೈ ಎತ್ತುವುದು ಸಂಘದ ರೂಢಿ. ಸಭೆಯೆಲ್ಲ ಎತ್ತಿತು.

“ಯಾರೂ ಇಲ್ಲ. ಸರ್ವಾನುಮತ,” ಎಂದು ಅಣವೀರಪ್ಪ ಫೋನ್ ಇಟ್ಟರು.

“ಇಷ್ಟ್ ಕೈ ಕಾಣಲಿಲ್ಲೇನ್ ಅವಗ?” ದೌಲಪ್ಪ ಕೂಗಿದರು.

“ಫೋನಿಗಿ ಕಣ್ಣ ಎಲ್ಲಿ ಅವ, ಕಾಕಾ?” ಎಂದಳು ಪಕ್ಕದ ಶಂಕ್ರಮ್ಮ. ಅವಳ ಕೈ ಇನ್ನೂ ಮೇಲೆಯೇ ಇತ್ತು.

ಮರುದಿನ ದೌಲಪ್ಪ ಕಲಬುರಗಿಗೆ ಹೋದರು. “ನಡಾವಳಿ ಬರದಾಗ್ಯದ. ಮುಂದಿನ ವರ್ಷ ಬಾಯಿ ಬಿಟ್ಟು ಹೇಳ್ರಿ,” ಎಂದರು ಅಣವೀರಪ್ಪ.

ಕಪನೂರಿಗೆ ಸಾಗಿಸುವಷ್ಟರಲ್ಲಿ ಹಣ್ಣು ಜಜ್ಜಿಹೋಗುತ್ತಿತ್ತು. ವರ್ಷದೊಳಗೆ ದೌಲಪ್ಪ ಬಾಳೆ ಕಿತ್ತು ತೊಗರಿ ಬಿತ್ತಿದರು. ಬಾಳೆ ಇಲ್ಲದವರಿಗೆ ಸಂಘದಲ್ಲಿ ಮತವಿಲ್ಲ.